ಸ್ಥಿರ ಬಡ್ಡಿಯ ಸಾಲ, ಎರಡು ಊರಿನ ಸಂಸಾರ

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಂದ ಈಚೆಗೆ, ಮನೆ ಸಾಲದ ಶುಲ್ಕಕ್ಕೆ ಹೆದರಿ ಗಂಡ ಹೆಂಡತಿ ಎರಡು ಊರುಗಳಲ್ಲಿ ಉಳಿದುಬಿಡುವ ಪ್ರಕರಣಗಳು ಮತ್ತೆ ಮತ್ತೆ ಬರುತ್ತಿರುವುದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಪತಿ ರೆಡಿಂಗ್‌ನಲ್ಲಿ ಮನೆಯಿಂದಲೇ ಕೆಲಸ ಮಾಡುವ ಸಾಫ್ಟ್‌ವೇರ್ ಉದ್ಯೋಗಿ, ಪತ್ನಿ ವೈದ್ಯೆ. 2023ರಲ್ಲಿ ಐದು ವರ್ಷಗಳ ಸ್ಥಿರ ಬಡ್ಡಿಗೆ ಮನೆ ಸಾಲ ಪಡೆದಿದ್ದರು. ಪತ್ನಿಗೆ ಲೀಡ್ಸ್‌ನಲ್ಲಿ ಕಾಯಂ ಹುದ್ದೆ ಸಿಕ್ಕಿತು. ಆದರೆ ಅವಧಿಗೆ ಮುನ್ನ ಸಾಲ ತೀರಿಸಿದರೆ ಬೀಳುವ ಶುಲ್ಕಕ್ಕೆ, ಅಲ್ಲಿನವರು ಇಆರ್‌ಸಿ ಎನ್ನುವುದಕ್ಕೆ, ಹೆದರಿ ಮನೆ ಮಾರಲಿಲ್ಲ; ಪತಿ ಅಲ್ಲೇ ಉಳಿದರು, ಪತ್ನಿ ಲೀಡ್ಸ್‌ನಲ್ಲಿ ಬಾಡಿಗೆ ರೂಮು ಹಿಡಿದರು. ಕುಟುಂಬ ಸಲಹೆಗಾರ್ತಿಯಾದ ನನ್ನಲ್ಲಿಗೆ ಅವರು ಬಂದದ್ದು ಸಾಲದ ವಿಷಯಕ್ಕಲ್ಲ, ನಿಲ್ಲದ ಜಗಳಕ್ಕೆ.

ಎರಡನೆಯ ಭೇಟಿಯಲ್ಲಿ ಪತಿ ಸಾಲದ ಆಫರ್ ಪತ್ರವನ್ನೇ ತಂದಿದ್ದರು. ಶುಲ್ಕ ಮೊದಲ ವರ್ಷ ಬಾಕಿಯ ಶೇಕಡಾ 5, ಆಮೇಲೆ ವರ್ಷಕ್ಕೊಂದರಂತೆ ಇಳಿದು ಕೊನೆಗೆ 1 ಎಂಬ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಇತ್ತು. "ಮೇಡಂ, ಆಗಲೇ ಮಾರಿದ್ದರೆ 4 ಪರ್ಸೆಂಟ್ ಕಟ್ಟಬೇಕಿತ್ತು, ಈಗ 3. ಬಾಕಿ 2,40,000 ಪೌಂಡ್. ಕಾದಿದ್ದಕ್ಕೆ 2,400 ಉಳೀತು" ಎಂದರು. ಪತ್ನಿ ಅವರತ್ತ ತಿರುಗಿ, "ರೀ, ನನ್ನ ರೂಮಿಗೆ ತಿಂಗಳಿಗೆ 650, ಹದಿನಾಲ್ಕು ತಿಂಗಳಾಯ್ತು. ಅದು ಯಾವ ಪತ್ರದಲ್ಲಿದೆ?" ಎಂದು ಕೇಳಿದರು. ಪತಿ ಪತ್ರವನ್ನು ಮಗುಚಿ ಹಿಂಬದಿಯಲ್ಲಿ ಗುಣಿಸಿದರು: 9,100. ರೈಲಿನ ಟಿಕೆಟ್ಟುಗಳನ್ನು ಸೇರಿಸುವ ಗೋಜಿಗೆ ಹೋಗಲಿಲ್ಲ.

ಪತಿಯ ಹಟಕ್ಕೂ ಕಾರಣವಿತ್ತು. ಭಾರತದಲ್ಲಿ ಚರ ಬಡ್ಡಿಯ, ಎಂದರೆ ದರ ಏರಿಳಿಯುವ, ಮನೆ ಸಾಲವನ್ನು ಮೊದಲೇ ತೀರಿಸಿದರೆ ಬ್ಯಾಂಕುಗಳು ಶುಲ್ಕ ಹಾಕುವುದನ್ನು ರಿಸರ್ವ್ ಬ್ಯಾಂಕ್ 2012ರಲ್ಲೇ ನಿಲ್ಲಿಸಿತು. ದಾವಣಗೆರೆಯಲ್ಲಿ ತಂದೆ ಹಾಗೆ ಸಾಲ ತೀರಿಸಿದ್ದನ್ನು ಕಂಡ ಮಗನಿಗೆ ಬ್ರಿಟನ್ನಿನ ಶುಲ್ಕ ಹಗಲು ದರೋಡೆಯಾಗಿ ತೋರಿತ್ತು. ಸ್ಥಿರ ಬಡ್ಡಿಯ ಮಾತು ಬೇರೆ. ಐದು ವರ್ಷ ಬಡ್ಡಿ ಏರಿಸುವುದಿಲ್ಲವೆಂದು ಮಾತು ಕೊಡುವ ಸಾಲದಾತ ತಾನೂ ಅದಕ್ಕೆ ತಕ್ಕಂತೆ ಹಣ ಹೊಂದಿಸಿಕೊಂಡಿರುತ್ತಾನೆ, ಮತ್ತು ಆ ಒಪ್ಪಂದ ನಡುವೆ ಮುರಿದರೆ ತಗಲುವ ವೆಚ್ಚದ ನ್ಯಾಯವಾದ ಅಂದಾಜನ್ನು ಈ ಶುಲ್ಕ ಮೀರಬಾರದೆಂಬುದು ಬ್ರಿಟನ್ನಿನ ಹಣಕಾಸು ನಿಯಂತ್ರಕ ಎಫ್‌ಸಿಎಯ ನಿಯಮ.

ಬ್ಯಾಂಕಿಗೆ ಹಣ ಕಟ್ಟಿಸುವ ಸಲಹೆಗಾರ್ತಿ ಎಂದು ನನ್ನನ್ನು ಆಡಿಕೊಳ್ಳುವವರಿದ್ದಾರೆ. ನಾನು ಕಟ್ಟಿ ಎನ್ನಲಿಲ್ಲ, ಮಾರ್ಟ್‌ಗೇಜ್ ಆರಿಸಿಕೊಡುವುದೂ ನನ್ನ ಕೆಲಸವಲ್ಲ, ಅದಕ್ಕೆ ಪರವಾನಗಿ ಉಳ್ಳವರಿದ್ದಾರೆ. ಗಂಡ ಹೆಂಡತಿ ಬೇರೆಯಾಗಿ ಬದುಕುವುದಕ್ಕೆ ಬೆಲೆಯೇ ಇಲ್ಲವೆಂಬಂತೆ ಹಾಕಿದ ಲೆಕ್ಕವನ್ನು ಲೆಕ್ಕವೆಂದು ನಾನು ಒಪ್ಪುವುದಿಲ್ಲ, ಅಷ್ಟೆ.

ಆದ್ದರಿಂದ ಸಾಲದಾತರನ್ನು ಲಿಖಿತವಾಗಿ ಕೇಳಿರೆಂದೆ. ಈಗಿನ ಬಡ್ಡಿದರವನ್ನೇ ಹೊಸ ಮನೆಗೆ ಒಯ್ಯುವ ಪೋರ್ಟಿಂಗ್ ಬಗ್ಗೆ ಅವರು ವಿಚಾರಿಸಿಯೇ ಇರಲಿಲ್ಲ. ಯಾರದೋ ಮನೆಯ ಗಣೇಶ ಹಬ್ಬದ ಊಟದಲ್ಲಿ "ಅದೆಲ್ಲ ಆಗಲ್ಲ" ಎಂದು ಕೇಳಿದ್ದೇ ಅವರಿಗೆ ಸಾಕಾಗಿತ್ತು. ಅದು ತಾನಾಗಿ ಸಿಗುವ ಹಕ್ಕಲ್ಲ, ಆದಾಯವನ್ನೂ ಹೊಸ ಮನೆಯನ್ನೂ ಮತ್ತೆ ಪರಿಶೀಲಿಸುತ್ತಾರೆ. ಆದರೆ ಲೀಡ್ಸ್‌ನಲ್ಲಿ ಮನೆ ಅಗ್ಗ, ಸಣ್ಣ ಸಾಲವೇ ಸಾಕು. 2,00,000 ಪೌಂಡನ್ನು ಒಯ್ದರೆ ಸಾಮಾನ್ಯವಾಗಿ ಉಳಿದ 40,000ಕ್ಕೆ ಮಾತ್ರ ಶುಲ್ಕ, ಎಂದರೆ 7,200ರ ಬದಲು 1,200. ಮಾರಾಟ ಮತ್ತು ಖರೀದಿ ಒಂದೇ ದಿನ ಮುಗಿಯದಿದ್ದರೆ ಹಲವು ಸಾಲದಾತರು ಪೂರ್ತಿ ಶುಲ್ಕವನ್ನು ಮೊದಲು ಕಟ್ಟಿಸಿಕೊಂಡು, ಗೊತ್ತುಪಡಿಸಿದ ಅವಧಿಯೊಳಗೆ ಹೊಸ ಮನೆ ಕೊಂಡರೆ ಮರಳಿಸುತ್ತಾರೆ. ಆ ಅವಧಿ ಎಷ್ಟೆಂಬುದನ್ನೂ ಅದೇ ಪತ್ರದಲ್ಲಿ ಕೇಳಲು ಹೇಳಿದೆ.