ಒಬ್ಬ ರೋಗಿ, ಹಲವು ಸಾಲು: ಯಾವುದನ್ನು ಉಳಿಸಬೇಕು?

ಪ್ರಶ್ನೆ: ಸಂಶೋಧನೆಗಾಗಿ ಬಿಪಿ ತಪಾಸಣೆಗೆ ಬಂದವರ ಪಟ್ಟಿ ಇಟ್ಟುಕೊಂಡಿದ್ದೇನೆ. ರೋಗಿ ಸಂಖ್ಯೆ, ತಾರೀಕು, ಬಿಪಿ ಅಂತ ಮೂರೇ ಕಾಲಂ. ಒಬ್ಬರೇ ಹಲವು ಸಲ ಬಂದಿದ್ದಾರೆ, ನನಗೆ ಪ್ರತಿಯೊಬ್ಬರ ಕೊನೆಯ ಭೇಟಿ ಮಾತ್ರ ಸಾಕು. ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ನಕಲು ಸಾಲು ತೆಗೆಯುವ ಯುನೀಕ್ ಹಾಕಿದರೂ ಒಂದೇ ಸಂಖ್ಯೆ ಮತ್ತೆ ಮತ್ತೆ ಬರುತ್ತಿದೆ. ಏನು ಮಾಡಲಿ?
– ಓದುಗರೊಬ್ಬರು, ಧಾರವಾಡ

ಉತ್ತರ: ಯುನೀಕ್ ತೆಗೆಯುವುದು ಎಲ್ಲ ಕಾಲಂಗಳೂ ಒಂದೇ ಆಗಿರುವ ಸಾಲನ್ನು ಮಾತ್ರ. 114ನೇ ರೋಗಿಯದು ಮೂರು ಸಾಲು ಇದೆ ಅಂದುಕೊಳ್ಳಿ: 12-01-2024ರಂದು ಬಿಪಿ 150, 05-11-2024ರಂದು 132, ಅದೇ ದಿನದ 132 ಇನ್ನೊಮ್ಮೆ. ಯುನೀಕ್ ಮೂರನೆಯದನ್ನು ತೆಗೆದು ಸುಮ್ಮನಾಗುತ್ತದೆ. ಉಳಿದ ಎರಡು ಸಾಲು ಅದರ ಲೆಕ್ಕದಲ್ಲಿ ಬೇರೆ ಬೇರೆ, ಅದು ಸರಿಯೂ ಹೌದು, ಯಾಕೆಂದರೆ ಯಾವುದು ಬೇಕು ಅಂತ ನೀವು ಇನ್ನೂ ಹೇಳೇ ಇಲ್ಲ ಅಲ್ವಾ?

ಹೇಳುವ ದಾರಿ ಸಾರ್ಟಿಂಗ್, ಅಂದರೆ ಸಾಲುಗಳನ್ನು ಕ್ರಮವಾಗಿ ಜೋಡಿಸುವುದು. ಡುಪ್ಲಿಕೇಟೆಡ್ ಅನ್ನುವ ಫಂಕ್ಷನ್‌ಗೆ ರೋಗಿ ಸಂಖ್ಯೆಯ ಕಾಲಂ ಒಂದನ್ನೇ ಕೊಟ್ಟರೆ, ಪ್ರತಿ ಸಂಖ್ಯೆ ಮೊದಲ ಸಲ ಸಿಕ್ಕ ಸಾಲನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ನಕಲು ಅಂತ ಗುರುತು ಹಾಕುತ್ತದೆ. ಹಾಗಾಗಿ ಮೊದಲು ಇಡೀ ಪಟ್ಟಿಯನ್ನು ತಾರೀಕಿನ ಪ್ರಕಾರ, ಹೊಸದು ಮೇಲೆ ಬರುವಂತೆ ಜೋಡಿಸಿ, ಆಮೇಲೆ ಗುರುತಾದ ಸಾಲುಗಳನ್ನು ತೆಗೆಯಿರಿ. ಜೋಡಿಸಲು ಆರ್ಡರ್ ಬಳಸಿ, ಸಾರ್ಟ್ ಬೇಡ. ಸಾರ್ಟ್ ಒಂದು ಕಾಲಂ ಅನ್ನು ಮಾತ್ರ ಜೋಡಿಸಿ ಕೊಡುತ್ತದೆ, ಅದನ್ನು ವಾಪಸ್ ಅದೇ ಜಾಗದಲ್ಲಿ ಇಟ್ಟರೆ ಒಬ್ಬರ ತಾರೀಕು ಇನ್ನೊಬ್ಬರ ಬಿಪಿ ಪಕ್ಕ ಹೋಗಿ ಕೂರುತ್ತದೆ, ಆಮೇಲೆ ಹುಡುಕಿದರೂ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಇನ್ನು ತಾರೀಕು. ಜಾಸ್ತಿ ಜನ ಎಡವುವುದು ಇಲ್ಲೇ. ಫೈಲಿನಿಂದ ಓದಿಕೊಂಡಾಗ ತಾರೀಕು ಬರೀ ಅಕ್ಷರಗಳ ಸಾಲಾಗಿ ಬಂದಿರುತ್ತದೆ. ಆಗ 12-01-2024 ಅನ್ನುವುದು 05-11-2024ಕ್ಕಿಂತ ದೊಡ್ಡದು, ಯಾಕೆಂದರೆ ಮೊದಲ ಅಕ್ಷರದಲ್ಲೇ 1 ಗೆದ್ದುಬಿಡುತ್ತದೆ. 114ನೇ ರೋಗಿಗೆ ನವೆಂಬರಿನ 132 ಹೋಗಿ ಜನವರಿಯ 150 ಉಳಿಯುತ್ತದೆ. 140ರ ಮೇಲೆ ಅಧಿಕ ರಕ್ತದೊತ್ತಡ ಅಂತ ಎಣಿಸುವವರಾದರೆ, ಹತೋಟಿಗೆ ಬಂದ ರೋಗಿಯನ್ನೇ ನೀವು ಹತೋಟಿ ತಪ್ಪಿದವರ ಲೆಕ್ಕಕ್ಕೆ ಸೇರಿಸಿದಿರಿ! ಆಸ್ ಡೇಟ್ ಬಳಸಿ ನಿಜವಾದ ತಾರೀಕು ಮಾಡಿಕೊಳ್ಳಿ, ಜೊತೆಗೆ ದಿನ, ತಿಂಗಳು, ವರ್ಷ ಇದೇ ಕ್ರಮದಲ್ಲಿದೆ ಅಂತಲೂ ಹೇಳಿ. ಹೇಳದಿದ್ದರೆ ಅದು 12-01-2024 ಅನ್ನು 12ನೇ ಇಸವಿಯ ಜನವರಿ 20 ಅಂತ ಓದಿಕೊಳ್ಳುತ್ತದೆ, ತಪ್ಪಾಗಿದೆ ಅಂತ ಒಂದು ಮಾತೂ ಹೇಳುವುದಿಲ್ಲ.

ತಾರೀಕೇ ಇಲ್ಲದ ಸಾಲುಗಳನ್ನು, ನೀವು ಬೇರೆ ಹೇಳದಿದ್ದರೆ, ಆರ್ಡರ್ ಕೊನೆಗೆ ಹಾಕುತ್ತದೆ. ಹೊಸದು ಮೇಲೆ ಇದ್ದರೆ ತೊಂದರೆ ಇಲ್ಲ. ಹಳೆಯದು ಮೇಲೆ ಇಟ್ಟು, ಕೊನೆಯ ಸಾಲು ಉಳಿಸು ಅಂತ ಹೇಳಿದರೆ ಮಾತ್ರ ತಾರೀಕಿಲ್ಲದ ಸಾಲೇ ಉಳಿದುಕೊಳ್ಳುತ್ತದೆ.

ಒಂದೇ ದಿನ ಎರಡು ಬೇರೆ ರೀಡಿಂಗ್ ಇದ್ದರೆ? ಫೈಲಿನಲ್ಲಿ ಮೊದಲು ಬರೆದದ್ದು ಉಳಿಯುತ್ತದೆ. ಅದು ಬರೆದವರ ಕೈಯಲ್ಲಿ ಹಾಗೆ ಬಂತು ಅಷ್ಟೇ, ವೈದ್ಯಕೀಯ ಕಾರಣ ಏನೂ ಇಲ್ಲ. ಸರಾಸರಿ ತೆಗೆಯುವುದೋ ಎರಡನೆಯದನ್ನು ಇಡುವುದೋ ನಿಮ್ಮ ಮಾರ್ಗದರ್ಶಕರನ್ನು ಕೇಳಿ ತೀರ್ಮಾನಿಸಿ, ಪ್ರಬಂಧದಲ್ಲೂ ಬರೆಯಿರಿ.

ಪ್ರಶ್ನೆ: ನನ್ನ ಪಟ್ಟಿಯಲ್ಲಿ ಹೆಸರುಗಳು ಕನ್ನಡದಲ್ಲಿವೆ. ‘ಗೋಪಾಲ’ ಎರಡು ಸಲ ಇದೆ, ನೋಡಲು ಒಂದೇ, ಆದರೆ ನಕಲು ಅಂತ ಸಿಗುತ್ತಿಲ್ಲ.
– ಇನ್ನೊಬ್ಬ ಓದುಗರು, ಮೈಸೂರು

ಉತ್ತರ: ಮೊದಲು ಹೆಸರಿನ ಹಿಂದೆ ಮುಂದೆ ಖಾಲಿ ಜಾಗ ಸೇರಿಕೊಂಡಿದೆಯಾ ನೋಡಿ, ಟ್ರಿಮ್ ಡಬ್ಲ್ಯುಎಸ್ ಅದನ್ನು ತೆಗೆಯುತ್ತದೆ. ಆಮೇಲೂ ಹಾಗೇ ಇದ್ದರೆ ತೊಂದರೆ ‘ಗೋ’ದಲ್ಲಿರಬಹುದು. ಕಂಪ್ಯೂಟರ್ ಪ್ರತಿ ಅಕ್ಷರಕ್ಕೂ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ, ಊತ್ವ ಮತ್ತು ದೀರ್ಘದ ಚಿಹ್ನೆ ಅಂತ ಮೂರು ತುಂಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ‘ಹೊಸೂರು’, ‘ಕೇಶವ’ ಇಂಥವಕ್ಕೂ ಇದೇ ಆಗುತ್ತದೆ. ಆರ್‌ಗೆ ಸೇರಿಸಿಕೊಳ್ಳುವ ಸ್ಟ್ರಿಂಗಿ ಅನ್ನುವ ಪ್ಯಾಕೇಜಿನಲ್ಲಿ ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳು ಕೂಡಿದ ಒಂದೇ ಸಂಕೇತಕ್ಕೆ, ತರುವ ಫಂಕ್ಷನ್ ಇದೆ, ಅದನ್ನು ಹಾಕಿ, ಆಮೇಲೆ ನಕಲು ಹುಡುಕಿ. ಆದರೂ ಬರೀ ಹೆಸರು ನೋಡಿ ಸಾಲು ತೆಗೆಯಬೇಡಿ, ಒಂದೇ ಊರಿನಲ್ಲಿ ನಾಲ್ಕು ಗೋಪಾಲರು ಇರುತ್ತಾರೆ. ಹುಟ್ಟಿದ ವರ್ಷವನ್ನೋ ಮನೆ ಸಂಖ್ಯೆಯನ್ನೋ ಜೊತೆಗೆ ಸೇರಿಸಿ ಹೋಲಿಸಿ, ತೆಗೆದ ಸಾಲುಗಳನ್ನು ಬೇರೆ ಫೈಲಿನಲ್ಲಿ ಇಟ್ಟುಕೊಂಡು ಒಮ್ಮೆ ಕಣ್ಣಾರೆ ಓದಿ.