ರೆನೆಸಾನ್ಸ್ ವಿಚಾರಗಳಿಂದ ಇಟಲಿಯ ಕಲೆ, ಕಟ್ಟಡಗಳಲ್ಲಿ ಏನು ಬದಲಾಯಿತು?

ರೆನೆಸಾನ್ಸ್ ಅಂದರೆ ಯುರೋಪಿನಲ್ಲಿ ಹಳೇ ಗ್ರೀಕ್-ರೋಮನ್ ವಿದ್ಯೆ, ಕಲೆಗಳು ಮತ್ತೆ ಚಿಗುರಿದ ಕಾಲ. ಆಗ ಹಳೇ ರೋಮನ್ನರಿಂದ ಕಲಿಯಬೇಕು, ಕಣ್ಣಿಗೆ ಕಂಡದ್ದನ್ನು ಅಳೆದು ನೋಡಬೇಕು ಅನ್ನುವ ಹಟ ಬಂತು. ಫ್ಲಾರೆನ್ಸ್ ನಗರದ ವಾಸ್ತುಶಿಲ್ಪಿ ಬ್ರುನೆಲೆಸ್ಕಿಯನ್ನೇ ನೋಡಿ. ಅಲ್ಲಿನ ಕೆಥೆಡ್ರಲ್ (ನಗರದ ಮುಖ್ಯ ಚರ್ಚು) ಕೆಲಸ 1296ರಲ್ಲೇ ಶುರುವಾಗಿತ್ತು. ಆದರೆ ಸುಮಾರು 45 ಮೀಟರ್ ಅಗಲದ ಬಾಯಿಗೆ ಗುಮ್ಮಟ ಕೂರಿಸುವುದೇ ದೊಡ್ಡ ತಲೆನೋವು. ಇವನು 1420ರಿಂದ 1436ರೊಳಗೆ, ನೆಲದಿಂದ ಮರದ ಆಸರೆ ಕೊಡದೆಯೇ, ಎರಡು ಪದರದ ಗುಮ್ಮಟ ಎಬ್ಬಿಸಿದ. ಇಟ್ಟಿಗೆಗಳನ್ನು ಮೀನಿನ ಮುಳ್ಳಿನ ಹಾಗೆ ಹೆಣೆದಿದ್ದ. ಹಾಗಾಗಿ ಗಾರೆ ಗಟ್ಟಿಯಾಗುವ ಮೊದಲೂ ಅವು ಜಾರುತ್ತಿರಲಿಲ್ಲ.

ಚಿತ್ರದಲ್ಲಿ ದೂರ-ಹತ್ತಿರ ತೋರಿಸುವ ಲೆಕ್ಕಾಚಾರವೂ ಇವನದ್ದೇ. ಅದನ್ನು ಬಳಸಿ ಚಿತ್ರಕಾರ ಮಸಾಚೊ ಸುಮಾರು 1427ರಲ್ಲಿ ‘ಹೋಲಿ ಟ್ರಿನಿಟಿ’ ಅನ್ನುವ ಗೋಡೆಚಿತ್ರ ಬರೆದ. ಸಾಂತಾ ಮರಿಯಾ ನೊವೆಲ್ಲಾ ಚರ್ಚಿನ ಚಪ್ಪಟೆ ಗೋಡೆ ಅಲ್ಲಿ ಆಳವಾದ ಕೋಣೆಯಂತೆಯೇ ಕಾಣುತ್ತದೆ.