ಎರಿ ಮಣ್ಣಲ್ಲಿ ಯೋಧರ ಸ್ಮರಣೆಯ ಗಿಡ

ನಮಸ್ಕಾರ್ರೀ. ರೋಣದ ಕಡೆ ಎರಿ (ಕಪ್ಪು ಮಣ್ಣಿನ) ನೆಲದಲ್ಲಿ ಹುತಾತ್ಮ ಯೋಧರ ಹೆಸರಲ್ಲಿ ಆಗಸ್ಟ್ 15ಕ್ಕೆ ನೆಟ್ಟ ಬೇವಿನ ಸಸಿ ಬೇಸಿಗೆಯಲ್ಲಿ ಒಣಗಿದವು, ಈ ಸಲ ಕಟ್ಟೆ ಕಟ್ಟಿಸಬಹುದಾ ಅಂತ ಕೇಳಿದ್ದೀರಿ.

ಬೇವಿನದೇನೂ ತಪ್ಪಿಲ್ಲ. ಬೇಸಿಗೆಯಲ್ಲಿ ಎರಿ ನೆಲ ಬಿರುಕು ಬಿಟ್ಟಾಗ ಎಳೇ ಬೇರು ಹರಿದುಹೋಗುತ್ತವೆ, ಬಿರುಕಿನೊಳಗೆ ಗಾಳಿ ಹೊಕ್ಕು ಉಳಿದ ಹಸಿಯೂ ಆರುತ್ತದೆ. ಮೇ ತಿಂಗಳಲ್ಲೇ 2 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಎರಡು ಹದವಾದ ಮಳೆ ಆದಮೇಲೆ ನೆಡಿ. ಸಮಾರಂಭ ಆಗಸ್ಟ್‌ನಲ್ಲೇ ಆಗಲಿ, ಸಸಿ ಅದಕ್ಕೆ ಕಾಯಬೇಕಿಲ್ಲ. ಗುಂಡಿಗೆ ಬರೀ ಮಸಾರಿ (ಕೆಂಪು) ಮಣ್ಣು ತುಂಬಿದರೆ ಸುತ್ತಲ ಎರಿ ನೀರು ಬಿಡದೆ ಬೇರು ಕೊಳೆಯುತ್ತದೆ. ತೆಗೆದ ಮಣ್ಣಿಗೇ 10 ಕೆಜಿ ಕಳಿತ ತಿಪ್ಪೆಗೊಬ್ಬರ ಬೆರೆಸಿ, ನೆಲಕ್ಕಿಂತ ಅರ್ಧ ಅಡಿ ಎತ್ತರಕ್ಕೆ ಏರಿಸಿ. ಪ್ಲಾಸ್ಟಿಕ್ ಚೀಲ ಪೂರ್ತಿ ತೆಗೆದು, ತಳದಲ್ಲಿ ಸುತ್ತಿಕೊಂಡ ಬೇರು ಕತ್ತರಿಸಿ. ಆಮೇಲೆ ಜೋಳದ ಕಣಿಕೆ (ಒಣ ದಂಟು) ನಾಲ್ಕು ಇಂಚು ದಪ್ಪ ಹೊದಿಸಿ, ಕಾಂಡಕ್ಕೆ ತಾಗಿಸಬೇಡಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ 20 ಲೀಟರ್, ನಿಧಾನವಾಗಿ. ದಿನಾ ಒಂದು ಚೊಂಬು ಹಾಕಿದರೆ ಬೇರು ಮೇಲೇ ಉಳಿಯುತ್ತದೆ.

ಕಟ್ಟೆ ಈಗ ಬೇಡ. ಬುಡಕ್ಕೆ ಮಣ್ಣು ಏರಿಸಿ ಸಿಮೆಂಟ್ ಹಾಕಿದರೆ ಬೇರಿಗೆ ಉಸಿರಿಲ್ಲ. ಹೆಸರಿನ ಕಲ್ಲನ್ನು ಐದಾರು ಅಡಿ ದೂರ ನಿಲ್ಲಿಸಿ, ಕಾಂಡಕ್ಕೆ ಮೊಳೆ ಹೊಡೆದು ಫಲಕ ಹಾಕೋದಂತೂ ಬೇಡವೇ ಬೇಡ. ಸಸಿ ಕಾಯಲು ಸುತ್ತ ಕಬ್ಬಿಣದ ಜಾಳಿಗೆ ಹಾಕಿದ್ದರೆ, ಅದು ತೊಗಟೆಗೆ ತಾಗೋ ಮೊದಲೇ ಬಿಚ್ಚಿಸಿ.

ಜಾಗ ರಸ್ತೆಯಂಚು, ಕರೆಂಟ್ ತಂತಿ ಕೆಳಗೆ ಆದರೆ ಈಗಲೇ ಬದಲಿಸಿ. ಶಾಲೆ ಅಂಗಳವಾದರೆ ಪಂಚಾಯ್ತಿಯಲ್ಲಿ ಠರಾವು ಮಾಡಿಸಿಡಿ, ನೀರು ಹಾಕುವವರ ಹೆಸರೂ ಅದರಲ್ಲೇ ಇರಲಿ.